ಗೊರೇಬಾಳದ ಕರೆಂಟ್ ಭಟ್ಟಿ

ಸಿಂಧನೂರಿನ ಅಮರಗುಂಡಪ್ಪನ ಮುಂದೆ ಯಾರೇ ಕೆಟ್ಟ ಸಾಮಾನು ತಂದಿಟ್ಟರೂ ಅವನು ಮೊದಲು ಕೇಳುತ್ತಿದ್ದ ಮಾತು ಒಂದೇ: “ಯಾವಾಗ ಕೆಡ್ತೈತಿ?”

ಏನು ಕೆಟ್ಟಿದೆ ಎಂದು ಕೇಳುತ್ತಿರಲಿಲ್ಲ. ಅದನ್ನು ಮೀಟರು ಹೇಳುತ್ತದೆ, ಯಾವಾಗ ಎಂಬುದನ್ನು ಮಾತ್ರ ಮನೆಯವರೇ ಹೇಳಬೇಕು ಅನ್ನುತ್ತಿದ್ದ. ಒಮ್ಮೆ ದಢೇಸುಗೂರಿನವರೊಬ್ಬರ ಟೀವಿ ದಿನಾ ಬೆಳಿಗ್ಗೆ ಒಂದು ಗಂಟೆ ಹೊತ್ತು ಬರೀ ಮಳೆಹುಯ್ದಂತೆ ಕಾಣುತ್ತಿತ್ತು. ನಾಲ್ಕು ಜನ ಬಿಚ್ಚಿ ನೋಡಿ ಕೈಚೆಲ್ಲಿದ್ದರು. ಅಮರಗುಂಡಪ್ಪ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಬೆಳಿಗ್ಗೆ ಹೋಗಿ ಅಂಗಳದಲ್ಲಿ ಕೂತ. ಆ ಮನೆಯ ಹೆಣ್ಣುಮಗಳು ಆಂಟೆನಾದ ತಂತಿಯ ಮೇಲೆ ಒದ್ದೆ ಬಟ್ಟೆ ಒಣಹಾಕುವುದನ್ನು ಕಂಡ. ನಗುತ್ತ ಎದ್ದು ಬಂದ.

ಲಿಂಗಸುಗೂರಿನ ಒಂದು ರೇಡಿಯೋ ಅಂಗಡಿಯಲ್ಲಿ ಏಳು ವರ್ಷ ಕೆಲಸ ಕಲಿತು, ಎಂಬತ್ತೆರಡರಲ್ಲಿ ಅವನು ಸಿಂಧನೂರಿಗೆ ಬಂದಿದ್ದ. ಕಾಲುವೆ ನೀರಿನಿಂದ ಭತ್ತ ಬೆಳೆಯುವ ಸೀಮೆ. ಊರಲ್ಲಿ ಟೀವಿ, ಟೇಪ್‌ರೆಕಾರ್ಡರು, ಮಿಕ್ಸರು ವರ್ಷವರ್ಷಕ್ಕೂ ಹೆಚ್ಚುತ್ತಿದ್ದವು. ಒಂದೇ ಬಾಗಿಲಿನ ಅಂಗಡಿ, ಒಂದು ಮರದ ಮೇಜು, ಗೋಡೆಗೆ ತಗುಲಿಸಿದ ಟೆಸ್ಟ್ ಬಲ್ಬು. ಮದುವೆಯಾದ, ಎರಡು ಮಕ್ಕಳಾದವು. ಯಾರ ಜೊತೆಗೂ ಜೋರು ಮಾತಿಲ್ಲ. ಅವನ ಬದುಕನ್ನು ಹೇಳಲು ಇಷ್ಟು ಸಾಕಾಗುತ್ತಿತ್ತು, ಅವನು ಆ ಡಬ್ಬಿಗಳನ್ನು ಮಾಡದಿದ್ದರೆ.

ಆ ಡಬ್ಬಿಯ ವಿಷಯ ಹೀಗೆ. ಹೊಲದ ಮೋಟರಿಗೆ ಮೂರು ತಂತಿಗಳ ಕರೆಂಟು ಬೇಕು. ದಿನದಲ್ಲಿ ಕೆಲವು ತಾಸು ಮೂರರಲ್ಲಿ ಒಂದು ತಂತಿಯ ಕರೆಂಟನ್ನು ಕಡಿತ ಮಾಡುತ್ತಿದ್ದರು. ಆಗ ಉಳಿದ ಎರಡು ತಂತಿಗಳ ಮೇಲಿನ ಮನೆಗಳಲ್ಲಿ ದೀಪ ಉರಿಯುತ್ತದೆ, ಮೋಟರು ಮಾತ್ರ ತಿರುಗುವುದಿಲ್ಲ. ಎತ್ತರದ ಗದ್ದೆಗಳಿಗೆ ಹಳ್ಳದಿಂದ ನೀರೆತ್ತುವವರು ಚಡಪಡಿಸುತ್ತಿದ್ದರು. ಒಂದು ಕಬ್ಬಿಣದ ಡಬ್ಬಿಯಲ್ಲಿ ನಾಲ್ಕು ಕಂಡೆನ್ಸರ್ ಕೂರಿಸಿ ಸ್ಟಾರ್ಟರಿಗೆ ಜೋಡಿಸಿದರೆ, ಮೋಟರು ಎರಡೇ ತಂತಿಗಳ ಮೇಲೂ ಓಡುತ್ತದೆ. ಎಂಬತ್ತೇಳರಲ್ಲಿ ಗೊರೇಬಾಳದ ಬಸ್ಸಪ್ಪ ಬಂದು ಗಂಟುಬಿದ್ದ. ಮೊದಲನೆಯ ಡಬ್ಬಿ ಅವನ ಹೊಲಕ್ಕೇ ಹೋಯಿತು. ಆಮೇಲೆ ಇಪ್ಪತ್ತೆಂಟು ಹೋದವು. ಅಮರಗುಂಡಪ್ಪ ಪ್ರತಿಯೊಂದನ್ನೂ ಚೊಕ್ಕವಾಗಿ ಮಾಡಿ, ಹಸಿರು ಬಣ್ಣ ಹಚ್ಚಿ ಕೊಟ್ಟಿದ್ದ.

ಅದರಲ್ಲೊಂದು ಸೂಕ್ಷ್ಮವಿತ್ತು. ಹೀಗೆ ಓಡುವ ಮೋಟರು ಕಡಿತವಾದ ಮೂರನೆಯ ತಂತಿಗೂ ತನ್ನೊಳಗಿನಿಂದ ಒಂದಿಷ್ಟು ಕರೆಂಟನ್ನು ಹಿಂದಕ್ಕೆ ಕಳಿಸುತ್ತದೆ. ಸತ್ತಿದೆ ಎಂದುಕೊಂಡ ತಂತಿಯಲ್ಲಿ ಅರ್ಧ ಜೀವ ಇರುತ್ತದೆ. ಅಮರಗುಂಡಪ್ಪನಿಗೆ ಅದು ಗೊತ್ತಿತ್ತು. ಆ ತಂತಿಯನ್ನು ಯಾರು ಮುಟ್ಟುತ್ತಾರೆ ಎಂದುಕೊಂಡಿದ್ದ.

ತೊಂಬತ್ತರ ಭತ್ತದ ನಾಟಿಯ ಕಾಲದಲ್ಲಿ ಮುಟ್ಟಿದವನು ಲೈನ್‌ಮನ್ ಚಾಂದ್‌ಪಾಷಾ.

ಗೊರೇಬಾಳದಲ್ಲೇ ಮನೆ, ಹದಿನೆಂಟು ವರ್ಷ ಕಂಬ ಹತ್ತಿದವನು. ಸಿಂಧನೂರಿಗೆ ಬಂದಾಗ ಅಮರಗುಂಡಪ್ಪನ ಅಂಗಡಿಯಲ್ಲಿ ಕೂತು ಚಾ ಕುಡಿಯುತ್ತಿದ್ದವನು. ಪೂರ್ತಿ ಲೈನ್ ತೆಗೆದರೆ ಒಂದೇ ತಂತಿಯ ಮೇಲೆ ಓಡುವ ಹಿಟ್ಟಿನ ಗಿರಣಿ ನಿಲ್ಲುತ್ತದೆ, ಟೀವಿ ನಿಲ್ಲುತ್ತದೆ, ಊರು ಬೈಯುತ್ತದೆ. ಅದಕ್ಕೇ ಆ ಕಡೆಯ ಲೈನ್‌ಮನ್‌ಗಳು ಕಡಿತದ ಹೊತ್ತು ನೋಡಿ, ಆ ಒಂದು ತಂತಿಯ ಫ್ಯೂಸನ್ನಷ್ಟೇ ತೆಗೆದು, ಅದರ ಮೇಲೆ ಮಾತ್ರ ಕೆಲಸ ಮಾಡುತ್ತಿದ್ದರು. ಚಾಂದ್‌ಪಾಷಾನೂ ಹಾಗೆಯೇ ಮಾಡಿದ. ಫ್ಯೂಸು ಅವನ ಜೇಬಿನಲ್ಲೇ ಇತ್ತು. ತಂತಿ ಮುಟ್ಟಿದ್ದೇ ಕಂಬದ ಮೇಲಿಂದ ಬಿದ್ದ, ಮತ್ತೆ ಏಳಲಿಲ್ಲ.

ಅವನು ತಪ್ಪು ಫ್ಯೂಸು ತೆಗೆದು ನಿಷ್ಕಾಳಜಿ ಮಾಡಿದ ಎಂದು ಕರೆಂಟ್ ಆಫೀಸಿನವರು ಕಾಗದದಲ್ಲಿ ಬರೆದರು. ಚಾದ ಹೋಟೆಲಿನಲ್ಲಿ ಜನ ಅದಕ್ಕೆ ಕಾಲು ಬಾಲ ಸೇರಿಸಿ, ಕುಡಿದು ಹತ್ತಿದ್ದ ಅಂದರು. ಚಾಂದ್‌ಪಾಷಾ ಬೀಡಿಯನ್ನೂ ಸೇದದವನು.

ಮರುದಿನ ಬೆಳಿಗ್ಗೆ ಬಸ್ಸಪ್ಪ ತನ್ನ ಹಸಿರು ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದಿದ್ದ. “ಸುಟ್ಟೈತಿ ನೋಡಲೇ. ನಿನ್ನೆ ನಾಕೂವರಿಗೆ ಢಬ್ ಅಂತು.” ಚಾಂದ್‌ಪಾಷಾ ಬಿದ್ದದ್ದು ನಾಲ್ಕೂವರೆಗೆ. ಅಮರಗುಂಡಪ್ಪ ಬಸ್ಸಪ್ಪನ ಮುಖ ನೋಡಿದ. ಬಸ್ಸಪ್ಪ ಅಂಗಡಿಯ ಹೊರಗೆ ನಿಂತ ಬಸ್ಸನ್ನು ನೋಡುತ್ತಿದ್ದ. ಉಬ್ಬಿಹೋದ ಕಂಡೆನ್ಸರ್ ಕಿತ್ತು ಹೊಸದು ಹಾಕಿಕೊಟ್ಟು, ಅಮರಗುಂಡಪ್ಪ ಒಂದು ಮಾತೂ ಆಡಲಿಲ್ಲ. ಆಮೇಲೆ ಡಬ್ಬಿ ಮಾಡುವುದನ್ನು ಬಿಟ್ಟ. ಯಾಕೆ ಎಂದು ಕೇಳಿದವರಿಗೆ ಸಾಮಾನು ಸಿಗುತ್ತಿಲ್ಲ ಅಂದ. ಎರಡು ವರ್ಷ ಅವನು ಗೊರೇಬಾಳದ ದಾರಿ ಹಿಡಿಯಲಿಲ್ಲ.

ತೊಂಬತ್ತೆರಡರಲ್ಲಿ ಗೊರೇಬಾಳವೇ ಟೆಂಪೋ ಹತ್ತಿ ಅವನ ಅಂಗಡಿಗೆ ಬಂತು. ಚಾಂದ್‌ಪಾಷಾನ ಹೆಂಡತಿ ಮೆಹಬೂಬ್‌ಬೀ, ಕೌದಿಯಲ್ಲಿ ಸುತ್ತಿದ ಒಂದು ಭಾರದ ಪೆಟ್ಟಿಗೆಯನ್ನು ಟೆಂಪೋದವನ ಕೈಲಿ ಮೇಜಿನ ಮೇಲೆ ಇಡಿಸಿದಳು. ಗಾಜಿನ ಬಾಗಿಲು, ಒತ್ತುವ ಗುಂಡಿಗಳು, ಕೆಂಪು ಅಂಕಿಗಳ ಗಡಿಯಾರ ಇದ್ದ ಕರೆಂಟ್ ಭಟ್ಟಿ. ಜಿದ್ದಾದಲ್ಲಿ ಕೆಲಸಕ್ಕಿದ್ದ ಅವಳ ತಮ್ಮ ರಹಿಮಾನ್ ಅಕ್ಕನ ಹೊಟ್ಟೆಪಾಡಿಗೆಂದು ಕಳಿಸಿಕೊಟ್ಟದ್ದು. ಅದರಲ್ಲಿ ಅವಳು ನಾನ್‌ಕಟಾಯಿ ಮಾಡಿ ಸಿಂಧನೂರಿನ ಹೋಟೆಲುಗಳಿಗೆ ಹಾಕುತ್ತಿದ್ದಳು.

“ಅಣ್ಣಾರ, ಇದು ತಾನ ಬಡಕೊಂತೈತ್ರಿ. ತಾನ ಹೊತ್ಕೊಂತೈತಿ.”

“ಯಾವಾಗ?” ಬಾಯಿ ರೂಢಿಯಂತೆ ಕೇಳಿತು.

“ದಿನಾ ನಾಕರ ಮ್ಯಾಗ. ಅಸರ್ ನಮಾಜಿನ ಹೊತ್ತಿಗೆ. ಕರೆಂಟ್ ಹೋಗಿರ್ತೈತಿ, ಫ್ಯಾನ್ ನಿಂತಿರ್ತೈತಿ. ಇದೊಂದು ಬೆಲ್ ಹೊಡಿತೈತಿ.”

ಅಮರಗುಂಡಪ್ಪನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು.

“ಕರೆಂಟ್ ಇಲ್ದಾಗ ಬೆಲ್ ಹ್ಯಾಂಗ ಹೊಡಿತೈತ್ರಿ?”

“ಅದನ್ನ ಕೇಳಾಕನ ಬಂದೀನಿ. ನಮ್ಮ ಮಾವಾರು ಹೇಳ್ತಾರ, ಚಾಂದ್ ಡೂಟಿ ಮುಗಿಸಿ ಬಂದಾನ ಅಂತ. ಬೆಲ್ ಹೊಡೀತಂದ್ರ ಎದ್ದು, ಕೈಕಾಲು ತೊಳಿಯಾಕ ಹೊಸ್ತಿಲದಾಗ ತಂಬಿಗಿ ನೀರು ಇಡ್ತಾರ. ಓಣ್ಯಾಗಿನ ಮಂದಿ ಈಗ ಮನಿ ಮುಂದ ಹಾಯೂದು ಬಿಟ್ಟಾರ.”

“ನೀವೇನಂತೀರಿ?”

“ನಾನೇನನ್ನಲಿ? ಬರೋರು ಬರಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆರಕ್ಕ ಕರೆಂಟ್ ಬಂದ್ ಕೂಡ್ಲೆ ಅದು ತಾನ ಕಾಯ್ತೈತಿ. ಒಳಗಿಟ್ಟ ಹಿಟ್ಟು ಇದ್ದಲಿ ಆಗ್ತೈತಿ. ನನ್ನ ನಾನ್‌ಕಟಾಯಿ ಯಾಕ ಸುಡಬೇಕು ಹೇಳ್ರಿ? ಇದ್ದಾಗ ಭಾಳ ಇಷ್ಟ ಇತ್ತು ಅವ್ರಿಗೆ.”

ಹೇಳಿ ಅವಳು ನಕ್ಕಳು. ಅಮರಗುಂಡಪ್ಪನಿಗೆ ನಗಲಾಗಲಿಲ್ಲ.

ಕಾರಣ ಅವನಿಗೆ ಆಗಲೇ ಹೊಳೆದಿತ್ತು. ಹೊಳೆದದ್ದರಿಂದಲೇ ಅವನು ಮೂರು ದಿನ ಬೇರೆ ಕಾರಣ ಹುಡುಕಿದ. ಭಟ್ಟಿಯ ಹಿಂದಿನ ತಗಡು ಬಿಚ್ಚಿದ. ಒಳಗೆ ಅಂಗೈಯಗಲದ ಕಂಟ್ರೋಲ್ ಬೋರ್ಡು. ಗಡಿಯಾರವನ್ನೂ ಬೆಲ್ಲನ್ನೂ ನಡೆಸುವುದು ಅದೇ, ಕಾಯಿಲಿಗೆ ಕರೆಂಟು ಬಿಡುವ ರಿಲೇಗೆ ಹುಕುಂ ಕೊಡುವುದೂ ಅದೇ. ಶಾಖ ಅಳೆಯುವ ಕಡ್ಡಿಯನ್ನು ಬಿಸಿನೀರಿನಲ್ಲಿಟ್ಟು ಅಳೆದ, ಸರಿಯಿತ್ತು. ಗುಂಡಿಗಳ ಕೆಳಗೆ ಕೂತ ಡಾಲ್ಡಾದ ಜಿಡ್ಡು ಒರೆಸಿದ. ಒಣಗಿದ್ದ ಎರಡು ಸಣ್ಣ ಕಂಡೆನ್ಸರ್ ಬದಲಿಸಿದ. ಬೆಸುಗೆ ಬಿಟ್ಟ ಕಾಲುಗಳಿಗೆ ಮತ್ತೆ ಸೀಸ ಹಚ್ಚಿದ. ಗಡಿಯಾರ ತಾಸಿಗೆ ಹತ್ತು ನಿಮಿಷ ಹಿಂದೆ ಬೀಳುವುದನ್ನು ನೋಡಿ ಒಂದು ಗಳಿಗೆ ಎಲ್ಲ ಮರೆತು ಖುಷಿಪಟ್ಟ: ಸೆಕೆಂಡಿಗೆ ಅರವತ್ತು ಸಲ ಮಿಡಿಯುವ ಅಲ್ಲಿನ ಕರೆಂಟಿಗೆ ಮಾಡಿದ ಗಡಿಯಾರ, ನಮ್ಮ ಐವತ್ತನ್ನು ಎಣಿಸುತ್ತ ನಿಧಾನವಾಗಿ ನಡೆಯುತ್ತಿತ್ತು. ಮೆಹಬೂಬ್‌ಬೀಗೆ ಹೇಳಿದಾಗ, “ಗೊತ್ತೈತ್ರಿ. ಅದು ಇಪ್ಪತ್ತು ಅಂದ್ರ ನಾನು ಇಪ್ಪತ್ನಾಕು ತಿಳ್ಕೊಂತೀನಿ,” ಅಂದಳು.

ಅಂಗಡಿಯಲ್ಲಿ ಮೂರು ದಿನವೂ ನಾಲ್ಕು ಗಂಟೆಗೆ ಭಟ್ಟಿ ಸುಮ್ಮನಿತ್ತು. ಪೇಟೆಯ ಲೈನಿನ ಮೇಲೆ ಹೊಲದ ಮೋಟರುಗಳಿಲ್ಲ ಎಂಬುದು ಅವನಿಗೆ ಗೊತ್ತು. ಗೊತ್ತಿದ್ದೂ, “ಸರಿ ಆಗೈತಿ, ಒಯ್ರಿ,” ಅಂದ.

ನಾಲ್ಕನೆಯ ದಿನ ಮೆಹಬೂಬ್‌ಬೀ ಮತ್ತೆ ಬಂದಳು. ಕರಕಾದ ನಾನ್‌ಕಟಾಯಿಗಳ ತಗಡಿನ ತಟ್ಟೆಯನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತಳು. ಅಂಗಡಿ ತುಂಬ ಸುಟ್ಟ ಏಲಕ್ಕಿಯ ವಾಸನೆ.

“ಮನಿಗೆ ಬಂದು ನೋಡಬೇಕ್ರಿ,” ಅಂದ ಅಮರಗುಂಡಪ್ಪ.

“ಅದನ್ನ ಮೊದಲ ಅನ್ನಬಾರದಿತ್ತೇನು?”

ಮರುದಿನ ಮೂರೂವರೆಗೆ ಅವನು ಗೊರೇಬಾಳದಲ್ಲಿದ್ದ. ಊರ ಅಂಚಿನ ಮನೆ. ಹಿತ್ತಲ ಗೋಡೆಯಾಚೆ ಗದ್ದೆ, ಗದ್ದೆಯಾಚೆ ಬಸ್ಸಪ್ಪನ ಮೋಟರಿನ ಗುಡಿಸಲು, ನಡುವೆ ಕಂಬ. ಯಾವ ಕಂಬ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಚಾಂದ್‌ಪಾಷಾನ ತಂದೆ ಇಮಾಮ್‌ಸಾಬ್ ಪಡಸಾಲೆಯ ಮಂಚದ ಮೇಲೆ ಕೂತಿದ್ದ. ಎಂಬತ್ತರ ಹತ್ತಿರದ ಮುದುಕ, ಎರಡೂ ಕಣ್ಣಿಗೆ ಪೊರೆ.

“ಯಾರ್ ಬೇಟಾ?”

“ಸಿಂಧನೂರು ಅಮರಗುಂಡಪ್ಪರೀ. ಭಟ್ಟಿ ನೋಡಾಕ ಬಂದೀನಿ.”

“ಅಂಗಡ್ಯಾಗ ಚಾ ಕುಡಸ್ತಿದ್ದ ದೋಸ್ತ ಅಲ್ಲೇನು ನೀ? ಚಾಂದ್ ನಿನ್ನ ಸುದ್ದಿ ಹೇಳತಿದ್ದ. ಎರಡು ವರ್ಷ ಯಾಕ ಬರ್ಲಿಲ್ಲ?”

ಅಮರಗುಂಡಪ್ಪ ಪ್ಲಗ್ಗಿನ ಹತ್ತಿರ ಕೂತು ಮೀಟರಿನ ಕಡ್ಡಿಗಳನ್ನು ಚುಚ್ಚಿದ. ಇನ್ನೂರಿಪ್ಪತ್ತಾರು ವೋಲ್ಟ್. ನಾಲ್ಕು ಗಂಟೆಗೆ ಕಡಿತವಾಗಿ ಫ್ಯಾನು ನಿಂತಿತು, ಮುಳ್ಳು ಸೊನ್ನೆಗೆ ಬಿತ್ತು, ಭಟ್ಟಿಯ ಅಂಕಿಗಳು ಆರಿದವು. ಹಿತ್ತಲಲ್ಲಿ ಕೋಳಿಯೊಂದು ಮಣ್ಣು ಕೆದರುವುದು ಕೇಳುತ್ತಿತ್ತು.

ನಾಲ್ಕು ಹನ್ನೆರಡಕ್ಕೆ ಮೀಟರಿನ ಮುಳ್ಳು ಅಲುಗಿತು. ನಲವತ್ತು. ತೊಂಬತ್ತು. ನೂರಾ ಮೂವತ್ತೆಂಟಕ್ಕೆ ಬಂದು ನಡುಗುತ್ತ ನಿಂತಿತು. ಫ್ಯಾನು ಅಲುಗಲಿಲ್ಲ, ಆದರೆ ಮೂಲೆಯ ಬಲ್ಬಿನೊಳಗೆ ಕೆಂಡದ ಎಳೆಯಂಥ ಕೆಂಪು ಮೂಡಿತು. ಭಟ್ಟಿಯ ಅಂಕಿಗಳು ಒಂದರ ಮೇಲೊಂದು ಹಾರಿ, ಅರ್ಥವಿಲ್ಲದ ಹೊತ್ತೊಂದನ್ನು ತೋರಿಸಿದವು. ಬೆಲ್ ಹೊಡೆಯಿತು. ಮೂರು ಸಲ.

ಇಮಾಮ್‌ಸಾಬ್ ಮಂಚದಿಂದ ಇಳಿದು ಗೋಡೆ ಹಿಡಿದುಕೊಂಡು ನೀರಿನ ಕೊಡದತ್ತ ನಡೆದ. ಅವನ ಮುಖ ನೋಡಲಾಗದೆ ಅಮರಗುಂಡಪ್ಪ ಎದ್ದು ಹಿತ್ತಲಿಗೆ ಹೋದ. ಗದ್ದೆಯಾಚೆಯಿಂದ ಬಸ್ಸಪ್ಪನ ಮೋಟರಿನ ಗುಂಯ್‌ಗುಡುವ ದನಿ ಬರುತ್ತಿತ್ತು.

ಬದುವಿನ ಮೇಲೆ ನಡೆದು ಹೋಗಿ ಗುಡಿಸಲು ಮುಟ್ಟಿದ. ಸ್ಟಾರ್ಟರಿನ ಪಕ್ಕದಲ್ಲಿ ಹಸಿರು ಡಬ್ಬಿ.

“ಏನಲೇ ಅಮರಾ, ಹಾದಿ ತಪ್ಪಿ ಬಂದಿಯೇನು?” ಅಂದ ಬಸ್ಸಪ್ಪ.

“ಒಂದು ಕೆಲಸ ಮಾಡಣ್ಣ. ನಾ ಆ ಮಾಳಗಿ ಮ್ಯಾಗ ನಿಂತು ಟವೆಲ್ ಬೀಸ್ತೀನಿ. ಬೀಸಿದಾಗ ಮೋಟರ್ ಬಂದ್ ಮಾಡು, ಮತ್ತ ಬೀಸಿದಾಗ ಚಾಲೂ ಮಾಡು.”

“ಹುಚ್ಚ ಹಿಡದೈತೇನು ನಿನಗ?”

“ಮೂರ ಸಲ ಅಷ್ಟ.”

ವಾಪಸು ಬಂದು ಮೆಹಬೂಬ್‌ಬೀಯ ಮಾಳಿಗೆ ಹತ್ತಿದ. ಬೆಳಕಿಂಡಿಯಿಂದ ಕೆಳಗಿನ ಭಟ್ಟಿ ಕಾಣುತ್ತಿತ್ತು. ಟವೆಲ್ ಬೀಸಿದ. ಮೋಟರು ನಿಂತಿತು, ಅಂಕಿಗಳು ಆರಿದವು. ಬೀಸಿದ. ಬಲ್ಬು ಕೆಂಪಾಯಿತು, ಬೆಲ್ ಹೊಡೆಯಿತು. ಎರಡನೆಯ ಸಲವೂ ಹಾಗೆಯೇ. ಒಮ್ಮೆ ಆದದ್ದನ್ನು ಅವನು ನಂಬುವವನಲ್ಲ, ಮೂರನೆಯ ಸಲವೂ ನೋಡಿದ. ಅಷ್ಟರಲ್ಲಿ ಕೆಳಗೆ ಮೆಹಬೂಬ್‌ಬೀ ಗದ್ದೆಯ ದನಿಯನ್ನೂ ಭಟ್ಟಿಯ ಬೆಲ್ಲನ್ನೂ ಜೋಡಿಸಿಕೊಂಡಾಗಿತ್ತು. ಅವನು ಏಣಿ ಇಳಿದು ಬರುವವರೆಗೂ ಅವಳು ಕದಲದೆ ನಿಂತಿದ್ದಳು.

“ಕರೆಂಟ್ ಹೋದ ತಂತ್ಯಾಗ ಕರೆಂಟ್ ಇತ್ತು,” ಅಂದಳು.

“ಹೌದ್ರಿ. ಆ ಮೋಟರ್ ಹಿಂದಕ ನೂಕತೈತಿ. ಭಟ್ಟಿಗೆ ಅರ್ಧ ಕರೆಂಟ್ ಸಿಗತೈತಿ, ಅದಕ್ಕ ಗಾಬ್ರಿ ಆಗಿ ಬೆಲ್ ಹೊಡಿತೈತಿ, ರಿಲೇಗೆ ತಪ್ಪ ಹುಕುಂ ಕೊಟ್ಟು ಕೂಡ್ತೈತಿ. ಆರಕ್ಕ ಪೂರ್ತಿ ಬಂದ್ ಕೂಡ್ಲೆ ಕಾಯ್ತೈತಿ.”

“ಅವ್ರು ಕಂಬ ಹತ್ತಿದ್ದೂ ಇದ ಹೊತ್ತಿನಾಗ. ಅವತ್ತೂ ಹಿಂಗ ಇತ್ತೇನು?”

ಗೊತ್ತಿಲ್ಲ ಅನ್ನಬಹುದಿತ್ತು. ಅವತ್ತು ನಾನು ಮೀಟರು ಹಿಡಿದು ನೋಡಿಲ್ಲವಲ್ಲ ಅಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಹೊಸ್ತಿಲಲ್ಲಿ ತಂಬಿಗೆ ಇಟ್ಟು ಇಮಾಮ್‌ಸಾಬ್ ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದ.

“ಇತ್ತು,” ಅಂದ ಅಮರಗುಂಡಪ್ಪ. “ಮರುದಿನ ಬಸ್ಸಪ್ಪ ಸುಟ್ಟ ಡಬ್ಬಿ ತಂದಿದ್ದ. ನಾಕೂವರಿಗೆ ಸುಟ್ಟಿತ್ತು. ಆ ಡಬ್ಬಿ ಮಾಡಿದಾವ ನಾನ. ಮತ್ತ ರಿಪೇರಿ ಮಾಡಿ ಕೊಟ್ಟಾವನೂ ನಾನ. ಚಾಂದ್‌ಪಾಷಾ ಸರಿಯಾದ ಫ್ಯೂಸ ತಗದಿದ್ದ. ಅವಂದೇನೂ ತಪ್ಪಿರಲಿಲ್ಲ. ಅವತ್ತ ನನಗ ತಿಳದಿತ್ತು.”

ಮೆಹಬೂಬ್‌ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಭಟ್ಟಿ ಅರ್ಥವಿಲ್ಲದ ಆ ಹೊತ್ತನ್ನು ತೋರಿಸುತ್ತಲೇ ಇತ್ತು.

ಇಮಾಮ್‌ಸಾಬ್ ತಂಬಿಗೆಯ ಮೇಲೆ ಕೈಯಿಟ್ಟು ಕೇಳಿದ: “ಹಂಗಾದ್ರ ಇಷ್ಟು ದಿನ ನಾ ಯಾರಿಗೆ ನೀರು ಇಟ್ಟೆ?”

ಅಮರಗುಂಡಪ್ಪ ಅವನ ಪಕ್ಕದಲ್ಲಿ ನೆಲಕ್ಕೆ ಕೂತ.

“ನನ್ನ ಮಗ ಕುಡದಿದ್ದ ಅಂತ ಹೋಟಲದಾಗ ಅಂದ್ರು. ಎರಡು ವರ್ಷ ನಾ ಆ ಹೋಟಲದ ಮುಂದ ಹಾದಿಲ್ಲ.” ಮುದುಕ ಗೋಡೆ ಹಿಡಿದು ಎದ್ದ. “ಈಗ ಹೇಳಿದೆಲ್ಲ, ಇದು ನನಗ ಹೇಳೋದಲ್ಲ. ನನಗ ನನ್ನ ಮಗ ಗೊತ್ತಿದ್ದ. ನಾಳೆ ಮುಂಜಾನೆ ಅಲ್ಲಿ ಹೇಳು. ನನ್ನ ಕೈ ಹಿಡಕೊಂಡು ಕರಕೊಂಡು ಹೋಗು, ನನಗ ಕಣ್ಣು ಕಾಣಂಗಿಲ್ಲ.”

ಮರುದಿನ ಅಮರಗುಂಡಪ್ಪ ಮುದುಕನ ಕೈ ಹಿಡಿದು ಗೊರೇಬಾಳದ ಚಾದ ಹೋಟೆಲಿಗೆ ಹೋದ. ನಿಂತೇ ಹೇಳಿದ. ತನ್ನ ಹೆಸರು ಹೇಳಿದ, ಡಬ್ಬಿಯ ಲೆಕ್ಕ ಹೇಳಿದ, ನಾಲ್ಕೂವರೆ ಹೇಳಿದ. ಅಲ್ಲೇ ಕೂತಿದ್ದ ಬಸ್ಸಪ್ಪ ಬಸಿಯಲ್ಲಿದ್ದ ಚಾ ನೆಲಕ್ಕೆ ಚೆಲ್ಲಿ ಎದ್ದ. “ನಿನ್ನ ಬಾಯಾಗ ಮಣ್ಣ ಹಾಕ್ಲಿ! ಮಾಡಿ ಕೊಟ್ಟಾವ ನೀನ, ಈಗ ಸಾಚಾತನದ ಮಾತು ಆಡಾವನೂ ನೀನ?”

“ಹೌದು, ನಾನ ಮಾಡಿ ಕೊಟ್ಟೀನಿ. ವಾಪಸ್ ಕೊಡ್ರಿ. ಇಪ್ಪತ್ತೊಂಬತ್ತೂ ಒಡದ ಹಾಕ್ತೀನಿ.”

ಮೂವರು ಕೊಟ್ಟರು. ಉಳಿದವರು, ನಾಟಿ ಒಣಗಿದರೆ ನೀ ಬಂದು ನೀರು ಹೊರತೀಯೇನು ಅಂದರು. ಅಮರಗುಂಡಪ್ಪ ಎಲ್ಲವನ್ನೂ ಒಂದು ಅರ್ಜಿಯಲ್ಲಿ ಬರೆದು ಕರೆಂಟ್ ಆಫೀಸಿಗೆ ಕೊಟ್ಟ. ಹಳೆಯ ಕಾಗದ ಬದಲಾಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಆದರೆ ಊರಿನ ಬಾಯಲ್ಲಿ ಮಾತು ಬದಲಾಯಿತು. ಇಮಾಮ್‌ಸಾಬ್ ದಿನಾ ಬೆಳಿಗ್ಗೆ ಹೋಟೆಲಿನ ಹೊರಗಿನ ಬೆಂಚಿನ ಮೇಲೆ ಕೂರತೊಡಗಿದ.

ಭಟ್ಟಿಯ ಕೆಲಸ ಉಳಿದಿತ್ತು. ಪೂರ್ತಿ ಕರೆಂಟಿಗಷ್ಟೇ ಹಿಡಿದುಕೊಳ್ಳುವ, ಕರೆಂಟು ಹೋದರೆ ಬಿಟ್ಟುಬಿಡುವ, ಕೈಯಿಂದ ಒತ್ತಿದರೆ ಮಾತ್ರ ಮತ್ತೆ ಹಿಡಿಯುವ ಒಂದು ರಿಲೇಯನ್ನು ಅಮರಗುಂಡಪ್ಪ ಕಾಯಿಲಿನ ದಾರಿಯಲ್ಲಿ ಕೂರಿಸಿದ. ಇನ್ನು ಭಟ್ಟಿ ತಾನಾಗಿ ಕಾಯುವ ಹಾಗಿರಲಿಲ್ಲ. ಅಂಥದೇ ಇನ್ನೊಂದನ್ನು ಬೋರ್ಡಿನ ದಾರಿಯಲ್ಲೂ ಕೂರಿಸಲು ಕೈ ಹಾಕಿದಾಗ ಮೆಹಬೂಬ್‌ಬೀ ತಡೆದಳು. ಅಂದಿನಿಂದ ಅವಳು ಅವನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು.

“ಅದು ಹಾಕಿದ್ರ ಬೆಲ್ ನಿಲ್ಲತೈತೇನು?”

“ನಿಲ್ಲತೈತ್ರಿ.”

“ಹಂಗಾದ್ರ ಬ್ಯಾಡ. ಬಡಕೊಳ್ಳಲಿ.”

“ಮಾವಾರಿಗೆ ತ್ರಾಸ ಆಗ್ತೈತಲ್ರೀ?”

“ಮಾವಾರ ಸಲುವಾಗಿ ಅಲ್ಲ. ಹೊಸಾ ಲೈನ್‌ಮನ್ ಬಂದಾನ, ನೋಡೀರೇನು? ಕನಕರಾಯ ಅಂತ. ಹೋದ ತಿಂಗಳ ಲಗ್ನ ಆಗೈತಿ. ಅವನೂ ಅದ ಕಂಬ ಹತ್ತತಾನ.”

ಅಮರಗುಂಡಪ್ಪ ರಿಲೇಯನ್ನು ಚೀಲಕ್ಕೆ ಹಾಕಿಕೊಂಡ. ರಿಪೇರಿಗೆ ಬಂದ ಸಾಮಾನುಗಳಲ್ಲಿ, ಮನೆಯವರೇ ಹೇಳಿ ದೋಷ ಉಳಿಸಿಕೊಂಡದ್ದು ಅದೊಂದೇ. ಹೋಗುವಾಗ ಕನಕರಾಯನನ್ನು ಹುಡುಕಿ ಹೇಳಿದ: “ಬೆಲ್ ಹೊಡೀತಂದ್ರ ಹತ್ತಬ್ಯಾಡ. ಹೊಡೀಲಿಲ್ಲ ಅಂದ್ರ ತಂತಿ ಸತ್ತೈತಿ ಅಂತನೂ ತಿಳೀಬ್ಯಾಡ. ಪೂರ್ತಿ ಲೈನ್ ತಗಿ, ಮಂದಿ ಬೈದ್ರ ಬೈಲಿ. ಆಮ್ಯಾಲ ಭೂಮಿಗೆ ಕಟ್ಟಿದ ಸರಪಳಿ ಒಗದು ನ್ಯೂಟ್ರಲ್ ಹಿಡದು ನಾಕೂ ತಂತಿ ಕೂಡಸು. ಆಮ್ಯಾಲ ಕೈ ಹಚ್ಚು.” ಸರಪಳಿಯನ್ನು ಅವನೇ ತಂದುಕೊಟ್ಟ.

ಆ ವರ್ಷ ಸಿಂಧನೂರಿನ ಅಂಗಡಿಗೆ ಹಳ್ಳಿಗಳ ಗಿರಾಕಿ ನಿಂತುಹೋಯಿತು. ತೊಂಬತ್ತಮೂರರಲ್ಲಿ ಅವನು ಮಸ್ಕಿಗೆ ಹೋಗಿ ಇನ್ನೊಂದು ಒಂಟಿ ಬಾಗಿಲಿನ ಅಂಗಡಿ ಹಾಕಿದ. ನಾಟಿಯ ತಿಂಗಳು ಬಂದರೆ ಮಾತ್ರ ವಾರಕ್ಕೊಮ್ಮೆ ಬಸ್ಸು ಹತ್ತಿ ಗೊರೇಬಾಳಕ್ಕೆ ಬರುತ್ತಿದ್ದ. ಡಬ್ಬಿ ಕೇಳುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಒಮ್ಮೊಮ್ಮೆ ಒಂದು ಸಿಗುತ್ತಿತ್ತು. ಮೆಹಬೂಬ್‌ಬೀಯ ಮನೆಯಲ್ಲಿ ಅವನಿಗೆ ಚಾ ಕೊಡುತ್ತಿದ್ದರು. ಕೂಡ್ರಿ ಅನ್ನುತ್ತಿರಲಿಲ್ಲ.

ಅಂಥದೊಂದು ದಿನ ಅವನು ಅಂಗಳದಲ್ಲಿ ನಿಂತಿದ್ದಾಗ ಕನಕರಾಯ ಹಗ್ಗ, ಸರಪಳಿ ಹೊತ್ತು ಬಂದು ಬಾಗಿಲಲ್ಲಿ ಇಣುಕಿದ. “ಅಕ್ಕಾ, ಬೆಲ್ ಹೊಡೀತೇನ್ರಿ?”

“ಈಗ ಹೊಡೀತು. ತಡಿ.” ಮೆಹಬೂಬ್‌ಬೀ ಹಿಟ್ಟಿನ ಕೈಯಲ್ಲೇ ಹಿತ್ತಲ ಗೋಡೆಗೆ ಹೋಗಿ ಕೂಗಿದಳು: “ಬಸ್ಸಪ್ಪಣ್ಣಾ! ಬಂದ್ ಮಾಡೋ! ಕಂಬಕ್ಕ ಮನಷ್ಯಾ ಹತ್ತತಾನ!”

ಗದ್ದೆಯಾಚೆಯಿಂದ ಒಂದು ಬೈಗುಳ ಬಂತು. ಆಮೇಲೆ ಮೋಟರು ನಿಂತಿತು. ಒಳಗೆ ಬಲ್ಬಿನ ಕೆಂಪು ಆರಿತು.

ಕನಕರಾಯ ಟ್ರಾನ್ಸ್‌ಫಾರ್ಮರಿಗೆ ಹೋಗಿ ಪೂರ್ತಿ ಲೈನ್ ತೆಗೆದು ಬಂದ. ಊರೊಳಗೆ ಗಿರಣಿಯ ಸದ್ದು ನಿಂತು ಯಾರೋ ಕೂಗಿದರು. ಅವನು ಸರಪಳಿ ಒಗೆದ. ಅದು ತಂತಿಗಳಿಗೆ ಬಡಿದು ಝಣ್ ಎಂದಾಗ ಇಮಾಮ್‌ಸಾಬ್ ಮಂಚದ ಅಂಚು ಹಿಡಿದುಕೊಂಡು, ಕಾಣದ ಕಣ್ಣುಗಳನ್ನು ಆ ಕಡೆಗೆ ಎತ್ತಿದ. ಅಮರಗುಂಡಪ್ಪ ಚಾದ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಬದುವಿನ ಮೇಲೆ ಓಡಿದ. ಕನಕರಾಯ ಮೇಲೆ ಕೆಲಸ ಮುಗಿಸಿ, ಇಳಿದು, ಎರಡೂ ಕಾಲು ನೆಲಕ್ಕಿಟ್ಟು ಕೈ ಎತ್ತಿ ತೋರಿಸುವವರೆಗೂ ಅವನು ಬಸ್ಸಪ್ಪನ ಗುಡಿಸಲಿನಲ್ಲಿ, ಸ್ಟಾರ್ಟರಿಗೆ ಬೆನ್ನು ಹಚ್ಚಿ ನಿಂತಿದ್ದ.